ಸಿಂಬೆಯಿಲ್ಲದ ಕೊಡ

ಊರಲ್ಲಿ ನನ್ನನ್ನು ಕತ್ತರಿ ಅಂತಾರೆ. ಬಟ್ಟೆ ಹೊಲಿಯೋಳು ಅಂತ ಇಟ್ಟ ಹೆಸರಲ್ಲ, ನಾಲಿಗೆ ನೋಡಿ ಇಟ್ಟದ್ದು. ಪಂಚಾಯಿತಿ ಕಚೇರಿಗೆ ಅಂಟಿಕೊಂಡೇ ನನ್ನ ಅಂಗಡಿ. ಒಂದು ಹೊಲಿಗೆ ಮಿಷನ್, ಗಿರಾಕಿಗಳು ಕೂರಕ್ಕೆ ಒಂದು ಬೆಂಚು, ಬಾಗಿಲ ಮುಂದೆ ಒಂದು ನಲ್ಲಿ. ಪಂಚಾಯಿತಿ ಅಧ್ಯಕ್ಷ ನನ್ನ ಒಡಹುಟ್ಟಿದ ತಮ್ಮ. ಅಮ್ಮ ಹೋದಮೇಲೆ ಅವನ ಮೂಗು ಒರೆಸಿ, ಬೆನ್ನಿಗೆ ಗುದ್ದಿ, ಓದಿಸಿ ಮನುಷ್ಯನನ್ನಾಗಿ ಮಾಡಿದ್ದು ನಾನೇ. ಅಧ್ಯಕ್ಷರಿಗೆ ಇಡೀ ಊರಲ್ಲಿ ಭಯ ಇರೋದು ಅವರ ಅಕ್ಕನದ್ದೊಂದೇ ಅಂತ ಜನ ಆಡಿಕೊಳ್ತಾರೆ. ಅದು ನಿಜವಾಗಿದ್ದಿದ್ರೆ ಎಷ್ಟು ಚೆನ್ನಾಗಿತ್ತು.

ಒಂದು ಮಧ್ಯಾಹ್ನ ತಮ್ಮ ಮುಖ ಸಪ್ಪಗೆ ಮಾಡಿಕೊಂಡು ಬಂದು ಬೆಂಚಿನ ಮೇಲೆ ಕೂತ.

"ಅಕ್ಕಾ, ಈ ಸಲ ನಮ್ಮ ಪಾಲು ಕಡಿಮೆ ಆಗತ್ತೆ."

"ಯಾವ ಪಾಲೋ? ಅಪ್ಪ ಬಿಟ್ಟುಹೋದದ್ದು ಈ ಮಿಷನ್ ಒಂದೇ. ಬೇಕಿದ್ರೆ ಅರ್ಧ ಗರಗಸದಲ್ಲಿ ಕುಯ್ದುಕೊಂಡು ಹೋಗು."

ಅವನು ನಗಲಿಲ್ಲ. ಬಿಡಿಸಿ ಹೇಳಿದ. ದೇಶದಲ್ಲಿ ಯಾರು ಏನು ಕೊಂಡರೂ ಅದರಲ್ಲಿ ತೆರಿಗೆ ಸೇರಿರತ್ತೆ, ನಾನು ತರೋ ದಾರದುಂಡೆಯಲ್ಲೂ ಸೇರಿರತ್ತೆ. ಅದೆಲ್ಲ ರಾಜಧಾನಿಗೆ ಹೋಗಿ ಒಟ್ಟಾಗತ್ತೆ. ಅದರಲ್ಲಿ ಒಂದು ಭಾಗ ವಾಪಸ್ ಹಳ್ಳಿ ಪಂಚಾಯಿತಿಗಳಿಗೆ ಬರತ್ತೆ. ಎಲ್ಲರಿಗೂ ಸಮ ಅಲ್ಲ. ಜನ ಎಷ್ಟಿದ್ದಾರೆ ಅಂತ ಸ್ವಲ್ಪ, ಊರು ಎಷ್ಟು ಹಿಂದೆ ಬಿದ್ದಿದೆ ಅಂತ ಜಾಸ್ತಿ. ಐದು ವರ್ಷಕ್ಕೊಂದು ಸಲ ಸರ್ವೆಯವರು ಬಂದು ನೋಡಿ ಅಂಕ ಹಾಕ್ತಾರೆ, ಆಮೇಲೆ ಐದು ವರ್ಷ ಅದೇ ಪಾಲು. ಈ ಸಲದ ಹೊಸ ಲೆಕ್ಕದಲ್ಲಿ ಕುಡಿಯೋ ನೀರು ದೂರ ಇದ್ದಷ್ಟೂ ಅಂಕ ಜಾಸ್ತಿ.

"ನಮ್ಮ ಅಪ್ಪಂದಿರು ಕೈಯಿಂದ ದುಡ್ಡು ಹಾಕಿ ಊರಿಗೆಲ್ಲ ನಲ್ಲಿ ಹಾಕಿಸಿದ್ರು. ಈಗ ಅದೇ ತಪ್ಪಾಯ್ತು ನೋಡು" ಅಂದ. "ಶಾಲೆ ಮಾಡು ಸೋರ್ತಿದೆ, ಬೀದಿದೀಪ ಅರ್ಧ ಸತ್ತಿವೆ. ಎಲ್ಲಿಂದ ತರ್ಲಿ? ಚೆನ್ನಾಗಿ ಬದುಕಿದ್ದಕ್ಕೆ ದಂಡ."

ಅವನ ಮಾತಲ್ಲಿ ನ್ಯಾಯ ಇರ್ಲಿಲ್ಲ ಅಂತ ನಾನು ಇವತ್ತಿಗೂ ಹೇಳಲ್ಲ.

"ಅಲ್ವೋ, ಪಾತ್ರೆ ಒಂದೇ ಅಂದ್ರೆ ನಮ್ಮ ತಟ್ಟೆಗೆ ಜಾಸ್ತಿ ಬಿದ್ದಾಗ ಇನ್ಯಾರದ್ದೋ ತಟ್ಟೆ ಖಾಲಿ ಅಲ್ವಾ?"

"ಯಾರದ್ದೋ ತಾನೇ" ಅಂದ ತಮ್ಮ.

ಆಮೇಲೆ ತನ್ನ ಉಪಾಯ ಹೇಳಿದ. ನಾನು ಬೈದೆ. ಬೈದದ್ದು ನಿಜ, ಮಿಷನ್ ನಿಲ್ಲಿಸಿ ಬೈದೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು, "ಸರಿ ಬಿಡಕ್ಕಾ. ಈ ಊರಲ್ಲಿ ನಿನ್ನಷ್ಟು ಚೆನ್ನಾಗಿ ಅಳೋರು ಇನ್ಯಾರೂ ಇಲ್ಲ ಅಂತ ನಿನ್ನ ಹತ್ರ ಬಂದೆ" ಅಂದ. ಅಷ್ಟು ಸಾಕಾಯ್ತು. ನನ್ನನ್ನು ಅಟ್ಟ ಹತ್ತಿಸೋದು ಹೇಗೆ ಅಂತ ಅವನಿಗೆ ಎಳೇ ವಯಸ್ಸಿಂದ ಗೊತ್ತು. ಇಷ್ಟು ವರ್ಷ ದಾರದ ಮೇಲೆ ತೆರಿಗೆ ಕಟ್ಟಿದೀನಿ, ನನ್ನ ದುಡ್ಡು ನನ್ನ ಊರಿಗೆ ಬಂದ್ರೆ ಏನು ಪಾಪ ಅಂತ ನನಗೆ ನಾನೇ ಹೇಳ್ಕೊಂಡೆ.

ಸರ್ವೆಯವರು ಬರೋ ದಿನ ಬೆಳಿಗ್ಗೆ ನಲ್ಲಿ ರಿಪೇರಿಯವನು ಬೀದಿ ಬೀದಿ ಸುತ್ತಿ ನಲ್ಲಿಗಳನ್ನೆಲ್ಲ ಬಿಚ್ಚಿ, ಪೈಪಿಗೆ ಬಿರಡೆ ಬಡಿದು, ಮೇಲೆ ಬುಟ್ಟಿ ಕವುಚಿದ. ಬಿಚ್ಚಿದ ನಲ್ಲಿಗಳನ್ನು ನನ್ನ ಚೂರುಬಟ್ಟೆ ಚೀಲದೊಳಗೆ ತುರುಕಿದ. ಹೆಂಗಸರೆಲ್ಲ ಮದುವೆಗೆ ಹೊರಟವರ ಹಾಗೆ ಗಲಗಲ ಅಂತಿದ್ರು, ಹಾಕಿಕೊಂಡಿದ್ದು ಮಾತ್ರ ಹರಕು ಬಟ್ಟೆ. ಕೊಡ ಹಿಡಿದು ಹೊಳೆಗೆ ಹೊರಟ ಸಾಲಿನಲ್ಲಿ ಮುಂದೆ ನಾನು.

ಬಂದದ್ದು ಒಬ್ಬಳೇ ಹುಡುಗಿ. ನನ್ನ ಮಗಳಿದ್ದಿದ್ರೆ ಆ ವಯಸ್ಸು ಇರ್ತಿತ್ತು. ಬಿಸಿಲಿಗೆ ಮುಖ ಕೆಂಪಾಗಿ, ಕೈಯಲ್ಲಿ ಫೋನ್ ಹಿಡಿದು ನಮ್ಮ ಹಿಂದೆಯೇ ಏರು ಹತ್ತಿದಳು. ನಾನು ತುಂಬಿದ ಕೊಡ ಬರೀ ತಲೆ ಮೇಲೆ ಇಟ್ಕೊಂಡಿದ್ದೆ. ನಾಲ್ಕು ಹೆಜ್ಜೆಗೊಮ್ಮೆ ತುಳುಕಿ ನೀರೆಲ್ಲ ಮುಖದ ಮೇಲೆ. ಅವಳು ಫೋನ್ ನನ್ನ ಕಡೆ ತಿರುಗಿಸಿ, "ಎಷ್ಟು ದಿನದಿಂದ ಹೀಗಮ್ಮಾ?" ಅಂತ ಕೇಳಿದಳು.

"ಬಾವಿ ಬತ್ತಿಹೋಯ್ತು ತಾಯಿ" ಅಂತ ಅತ್ತೆ. ಬಾವಿ ಇದ್ದದ್ದು ನಿಜ, ಬತ್ತಿದ್ದೂ ನಿಜ, ನಮ್ಮಜ್ಜಿ ಕಾಲದಲ್ಲಿ.

ಆ ಹುಡುಗಿ ಫೋನ್ ಜೇಬಿಗೆ ಹಾಕಿ, ನನ್ನ ತಲೆ ಮೇಲಿನ ಕೊಡ ಇಳಿಸಿಕೊಂಡು, ತಾನೇ ಸೊಂಟದ ಮೇಲಿಟ್ಟು ಊರ ತನಕ ಹೊತ್ತಳು. ಹೋಗೋವಾಗ "ಕತ್ತಿಗೆ ಬಿಸಿನೀರಿನ ಶಾಖ ಕೊಡಿ ಅಮ್ಮಾ" ಅಂದಳು. ಸಂಜೆ ನಲ್ಲಿಗಳು ವಾಪಸ್ ಕೂತವು. ನಾನು ಅಂಗಡಿ ಮುಂದೆ ಅವಳು ಕೊಡ ಹೊತ್ತು ಸೊಟ್ಟಗೆ ನಡೆದದ್ದನ್ನ ಮಾಡಿ ತೋರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾರನೇ ದಿನ ನನ್ನ ಕತ್ತು ಆಚೀಚೆ ತಿರುಗಲಿಲ್ಲ. ದೇವರು ಸಾಲ ಇಟ್ಟುಕೊಳ್ಳೋನಲ್ಲ.

ಹಂಚಿಕೆ ಸಭೆ ನಡೆದದ್ದು ಪಟ್ಟಣದ ದೊಡ್ಡ ಕಚೇರಿಯಲ್ಲಿ. ಏನಾದ್ರೂ ಕೇಳಿದ್ರೆ ಹೇಳಕ್ಕೆ ಇರಲಿ ಅಂತ ತಮ್ಮ ನನ್ನನ್ನೂ ಕರೆದುಕೊಂಡು ಹೋದ. ಗೋಡೆ ಮೇಲೆ ಊರೂರಿನ ಚಿತ್ರ ತೋರಿಸ್ತಾ ಹೋದರು. ನಮ್ಮ ಊರಿನ ಸರದಿ ಬಂದಾಗ ಗೋಡೆಯಷ್ಟಗಲ ನಾನು, ಒದ್ದೆ ಮುಖ, ಕೊಡ, ಅಳು. ಹಿಂದಿನ ಸಾಲಿನಲ್ಲಿ ಯಾರೋ ಲೊಚ್ಚಗುಟ್ಟಿದ್ರು. ನನಗೆ ಒಳಗೊಳಗೇ ಹೆಮ್ಮೆ ಆಯ್ತು ಅಂದ್ರೆ ನೀವು ನಂಬಬೇಕು. ಅಂಥವಳು ನಾನು.

ನೀರಿಗೆ ಹೆಚ್ಚಿನ ಪಾಲು ಸಿಗೋ ಊರುಗಳ ಪಟ್ಟಿಯಲ್ಲಿ ಕೊನೇ ಜಾಗ ಒಂದೇ ಉಳಿದಿತ್ತು. ಅದಕ್ಕೆ ಎರಡು ಊರಿನ ಅಂಕ ಸಮ ಬಂದಿತ್ತು, ನಮ್ಮದು ಒಂದು, ಪಟ್ಟಣದಾಚೆ ಗುಡ್ಡದ ಮೇಲಿನ ಊರು ಇನ್ನೊಂದು. ಚೀಟಿ ಎತ್ತೋಣ ಅಂದರು ಸಾಹೇಬರು. ಆಗ ಗುಡ್ಡದ ಊರಿನ ಅಧ್ಯಕ್ಷೆ ಎದ್ದು ನಿಂತಳು. ಕಲ್ಲು ಒಡೆಯೋ ಕೆಲಸದವಳಂತೆ, ಒರಟು ಕೈ, ನನಗಿಂತ ಚಿಕ್ಕವಳು. ಅವಳ ಊರಿಗೆ ನೀರು ಅಂದ್ರೆ ಗುಡ್ಡದ ಬುಡದ ಒಂದು ಒರತೆ. ಅಲ್ಲಿಂದ ಮಕ್ಕಳೂ ಕೊಡ ಹೊತ್ತು ಹತ್ತಬೇಕು, ಹತ್ತಿ ಬರೋ ಹೊತ್ತಿಗೆ ಶಾಲೆಯಲ್ಲಿ ಮೊದಲನೇ ಪಾಠ ಮುಗಿದಿರತ್ತೆ. ಇಷ್ಟನ್ನೂ ಅವಳು ಹವಾಮಾನ ಹೇಳೋ ಹಾಗೆ ಹೇಳಿದಳು.

"ಚೀಟಿ ಯಾಕೆ ಸ್ವಾಮಿ" ಅಂದಳು. "ಅವರಿಗೇ ಕೊಡಿ. ಆ ಅಕ್ಕನ ಚಿತ್ರ ನೋಡಿದ್ರಲ್ಲ. ಸಿಂಬೆ ಇಲ್ದೇ ಬರೀ ತಲೆ ಮೇಲೆ ಕೊಡ ಇಟ್ಟಿದ್ದಾರೆ. ನೀರು ಹೊತ್ತು ಗೊತ್ತೇ ಇಲ್ಲ ಪಾಪ. ನಮಗೆ ಹುಟ್ಟಿದಾಗಿಂದ ಅಭ್ಯಾಸ, ಇನ್ನೈದು ವರ್ಷ ಹೊರ್ತೀವಿ. ಅವರಿಗೆ ಹೊಸ ಕಷ್ಟ, ಹೊಸದು ಜಾಸ್ತಿ ನೋಯತ್ತೆ."

ನಮ್ಮ ಕಳ್ಳತನ ಎಲ್ಲಿ ಕಣ್ಣಿಗೆ ಹೊಡೆಯಬೇಕಿತ್ತೋ ಅಲ್ಲೇ ಅವಳಿಗೆ ಕರುಣೆ ಬಂದಿತ್ತು. ನಾನು ಏಳಬೇಕಿತ್ತು. ಬಾಯಿಗೆ ಬಂದದ್ದೆಲ್ಲ ಆಡೋ ಕತ್ತರಿ ಅವತ್ತು ನೆಲ ನೋಡಿಕೊಂಡು ಕೂತಿತ್ತು. ತಮ್ಮ ಎದ್ದು ಅವಳಿಗೆ ಕೈಮುಗಿದ. ಹಣ ಬಿಡುಗಡೆ ಆಗೋ ತನಕ ತಕರಾರು ಇರೋರು ತಾವೇ ಬಂದು ಹೇಳಬಹುದು ಅಂತ ಸರ್ವೆ ಹುಡುಗಿ ಓದಿ ಹೇಳಿದಳು, ಸಭೆ ಮುಗೀತು.

ಅವತ್ತಿಂದ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಸಾಕು, ಅವಳ ಆ ಒರಟು ಕೈ ನೆನಪಾಗ್ತಿತ್ತು. ಕೈ ತೊಳೆಯೋಕೂ ನಾಚಿಕೆ. ತಮ್ಮನ ಹತ್ರ ಹೇಳಿದೆ. "ಅವಳೇ ಬಿಟ್ಟುಕೊಟ್ಟಳಲ್ಲಕ್ಕಾ, ನಾವೇನು ಕಿತ್ತುಕೊಂಡ್ವಾ?" ಅಂದ. ನಾನು ಸಾಕಿದ ಹುಡುಗ, ಬೆಳಗಾದ್ರೆ ಊರ ಮುಂದೆ ಓಡಾಡಬೇಕಾದವನು ಅಂತ ಬಾಯಿಗೆ ಬಂದದ್ದನ್ನ ನುಂಗಿಕೊಂಡೆ.

ಹೀಗಿರೋವಾಗ ಒಂದು ದಿನ ಹನ್ನೊಂದರ ಬಸ್ಸಿಂದ ಅವಳೇ ಇಳಿದಳು. ಕಲ್ಲಿನ ಕೆಲಸದವಳು. ಕೇಳಿಕೊಂಡು ನೇರ ನನ್ನ ಅಂಗಡಿಗೆ ಬಂದು, ಚೀಲದಿಂದ ಒಂದು ಸಿಂಬೆ ತೆಗೆದು ಮಿಷನ್ ಮೇಲಿಟ್ಟಳು. ಹಳೇ ಬಟ್ಟೆ ಬಿಗಿಯಾಗಿ ಸುತ್ತಿ, ಸುತ್ತಲೂ ಕೈಹೊಲಿಗೆ ಹಾಕಿತ್ತು. ಹೊಲಿಗೆ ನನ್ನ ಕಣ್ಣಿಗೆ ತಾನೇ ಬೀಳಬೇಕು. ದೊಡ್ಡ ದೊಡ್ಡ ಹೊಲಿಗೆ, ಸೂಜಿ ಹಿಡಿದು ರೂಢಿ ಇಲ್ಲದ ಕೈಯದ್ದು.

"ಇದನ್ನ ತಲೆ ಮೇಲಿಟ್ಟು ಅದರ ಮೇಲೆ ಕೊಡ ಇಡಬೇಕಕ್ಕಾ. ಕತ್ತು ಉಳಿಯತ್ತೆ. ನೀರು ಬರೋ ತನಕ ಹೊರಬೇಕಲ್ಲ ನೀವು. ಕಳಿಸೋಣ ಅಂದ್ರೆ ಯಾರೂ ಈ ಕಡೆ ಬರೋರಿರ್ಲಿಲ್ಲ, ನಾನೇ ಬಂದೆ."

ಆಗ ಅವಳು ತಿರುಗಿದಳು. ಬಾಗಿಲ ಮುಂದೆ ನಲ್ಲಿ. ಯಾರೋ ಬಕೆಟ್ ಇಟ್ಟು ಹೋಗಿದ್ದರು, ತುಂಬಿ ಹೊರಗೆ ಹರೀತಿತ್ತು.

"ಓ, ಆಗ್ಲೇ ಬಂದೇಬಿಡ್ತಾ" ಅಂದಳು, ಮುಖ ಅರಳಿಸಿ. "ಒಳ್ಳೇದಾಯ್ತು ಬಿಡಿ. ಇಷ್ಟು ಬೇಗ ಮಾಡಿಸಿದ್ದಾರೆ ಅಂದ್ರೆ ನಿಮ್ಮ ಅಧ್ಯಕ್ಷರು ಗಟ್ಟಿಗರು." ಹೋಗಿ ನಲ್ಲಿ ನಿಲ್ಲಿಸಿದಳು. ಒಂದು ಬಾಟಲಿ ತೆಗೆದು, "ಹಿಡ್ಕೊಳ್ಳಲಾ ಅಕ್ಕಾ?" ಅಂತ ನನ್ನ ಅಪ್ಪಣೆ ಕೇಳಿ ತುಂಬಿಸಿಕೊಂಡಳು.

ತಮ್ಮ ಕಚೇರಿ ಬಾಗಿಲಿಂದ ಇದನ್ನೆಲ್ಲ ಕೇಳಿಸಿಕೊಂಡವನು ಅಂಗಳಕ್ಕೆ ಬಂದ. "ಹೌದಮ್ಮಾ, ಹಣ ಬರಲಿ ಅಂತ ಕಾಯಲಿಲ್ಲ. ಕೈಸಾಲ ಮಾಡಿ ಹಗಲೂ ರಾತ್ರಿ ನಿಂತು ಹಾಕಿಸಿದೆ. ಹೆಂಗಸರ ಕಷ್ಟ ನೋಡಕ್ಕಾಗಲಿಲ್ಲ."

ಬಚಾವಾಗೋ ದಾರಿಯನ್ನ ಅವಳೇ ನಮ್ಮ ಕೈಗೆ ಕೊಟ್ಟಿದ್ದಳು. ನಾನು ಹೂಂ ಅಂದಿದ್ರೆ ಅವಳು ಖುಷಿಯಾಗಿ ಬಸ್ ಹತ್ತಿ, ನಮ್ಮ ಹೆಸರು ಹೊಗಳ್ತಾ ಗುಡ್ಡ ಹತ್ತುತ್ತಿದ್ದಳು. ತಮ್ಮ ನನ್ನ ಕಡೆ ನೋಡಿ ಸಣ್ಣಗೆ ನಕ್ಕ, ಚಿಕ್ಕವನಿದ್ದಾಗ ಮಡಕೆ ಒಡೆದು ಬೆಕ್ಕಿನ ಮೇಲೆ ಹಾಕಿ ನಗ್ತಿದ್ದನಲ್ಲ, ಅದೇ ನಗು. ಆ ನಗು ನೋಡಿ ನನಗೆ ಅವನ ಮೇಲಲ್ಲ, ನನ್ನ ಮೇಲೇ ಹೇಸಿಗೆ ಬಂತು. ಆಗ್ಲೂ ಬೆಕ್ಕಿಗೇ ಹೊಡೆದಿದ್ದೆ ನಾನು.

"ಬಾಯಿ ಮುಚ್ಚೋ" ಅಂದೆ ಅವನಿಗೆ. ಅವಳ ಕಡೆ ತಿರುಗಿ, "ತಂಗೀ, ಈ ನೀರು ಈಗ ಬಂದದ್ದಲ್ಲ. ನಾನು ಹುಟ್ಟೋ ಮುಂಚಿಂದ ಬರ್ತಿದೆ. ಸರ್ವೆ ದಿನ ನಲ್ಲಿಗಳನ್ನ ಬಿಚ್ಚಿ ಈ ಚೂರುಬಟ್ಟೆ ಚೀಲದಲ್ಲೇ ಬಚ್ಚಿಟ್ಟಿದ್ವಿ" ಅಂದೆ.

ಚೀಲ ನೋಡಿದಳು, ನಲ್ಲಿ ನೋಡಿದಳು. ಬೈದಿದ್ರೆ ತಡೀತಿದ್ದೆ, ಬೈಗುಳ ನನ್ನ ಕಸುಬು.

"ಹಾಗಾದ್ರೆ ಅವತ್ತು ಅತ್ತದ್ದು?" ಅಂದಳು.

"ಸುಮ್ನೆ ಅತ್ತದ್ದು."

"ನಮ್ಮೂರವರು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ" ಅಂದಳು ಮೆಲ್ಲಗೆ. "ಯಾರದ್ದೋ ಊರಿಗೆ ಯಾಕೆ ಬಿಟ್ಟುಕೊಟ್ಟೆ ಅಂತ. ಆ ಅಕ್ಕನ ಮುಖ ನೀವು ನೋಡಿಲ್ಲ, ನೋಡಿದ್ರೆ ನೀವೂ ಕೊಡ್ತಿದ್ರಿ ಅಂತ ಹೇಳಿದೀನಿ."

ತುಂಬಿದ ಬಾಟಲಿ ಮುಚ್ಚಳ ತಿರುಗಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು. ನೀರು ಚೆಲ್ಲೋ ಜನ ಅಲ್ಲ ಅವರು. ನಾನು ಅಂಗಡಿ ಬಾಗಿಲು ಎಳೆದು ಬೀಗ ಹಾಕಿದೆ. ಹಣ ಇನ್ನೂ ಬಿಡುಗಡೆ ಆಗಿರಲಿಲ್ಲ, ತಕರಾರು ಹೇಳಕ್ಕೆ ಹೊತ್ತಿತ್ತು.

"ಅಕ್ಕಾ, ಎಲ್ಲಿಗೆ?" ಅಂದ ತಮ್ಮ. "ಊರ ಮಾನ ಹೋಗತ್ತೆ. ನನ್ನ ಕುರ್ಚಿ ಹೋಗತ್ತೆ. ನನ್ನ ಗತಿ ಏನು?"

"ನಾನು ಸಾಕಿದ್ದು ತಮ್ಮನ್ನ, ಕುರ್ಚಿನಲ್ಲ" ಅಂದೆ. ಮಾತು ಬಿರುಸಾಗೇ ಬಂತು, ತಿರುಗಿ ನೋಡದೆ ಅವಳ ಜೊತೆ ಪಟ್ಟಣದ ಬಸ್ಸಿನ ಕಡೆ ನಡೆದೆ. ಅವನು ಹಿಂದೆ ಬರ್ಲಿಲ್ಲ. ಬಂದಿದ್ರೆ ನಾನು ಬಹುಶಃ ನಿಂತುಬಿಡ್ತಿದ್ದೆ.

ಬಸ್ಸಲ್ಲಿ ಅವಳು ನನ್ನ ಪಕ್ಕ ಕೂರಲಿಲ್ಲ. ಮುಂದಿನ ಸೀಟಲ್ಲಿ ಕೂತು ಕಿಟಕಿ ಆಚೆ ನೋಡ್ತಿದ್ದಳು. ಸಿಂಬೆ ನನ್ನ ಮಡಿಲಲ್ಲಿತ್ತು. ಅದನ್ನ ಬಿಟ್ಟು ಬರಕ್ಕೂ ಆಗಲಿಲ್ಲ, ಅವಳಿಗೆ ವಾಪಸ್ ಕೊಡಕ್ಕೂ ಮುಖ ಇರಲಿಲ್ಲ. ದಾರಿಯುದ್ದಕ್ಕೂ ಸಾಹೇಬರ ಮುಂದೆ ಏನು ಹೇಳೋದು ಅಂತ ಜೋಡಿಸಿಕೊಂಡೆ. ಬಡತನ, ಶಾಲೆ ಮಾಡು, ಬೀದಿದೀಪ, ನಮ್ಮಪ್ಪಂದಿರು ಹಾಕಿದ ದುಡ್ಡು, ಎಲ್ಲಾ ಒಂದಕ್ಕೊಂದು ಚೆನ್ನಾಗಿ ಕೂಡಿಕೊಳ್ತು. ಕಚೇರಿ ಮೆಟ್ಟಿಲು ಹತ್ತೋವಾಗ ಒಂದೂ ನೆನಪಿರಲಿಲ್ಲ.

ಒಳಗೆ ಮೊದಲು ಸಿಕ್ಕಿದ್ದೇ ಸರ್ವೆ ಹುಡುಗಿ. ನನ್ನನ್ನು ಕಂಡವಳೇ ಕೂತಿದ್ದ ಕುರ್ಚಿ ಬಿಟ್ಟು ಎದ್ದು, ನನ್ನ ಕಡೆ ಅದನ್ನ ತಳ್ಳಿ, "ಬನ್ನಿ ಅಮ್ಮಾ ಕೂತ್ಕೊಳ್ಳಿ, ಕತ್ತು ನೋವು ಈಗ ಹೇಗಿದೆ?" ಅಂದಳು. ಕಲ್ಲಿನವಳು ನನ್ನ ಹಿಂದೆ ಬಾಗಿಲಲ್ಲೇ ನಿಂತಿದ್ದಳು.

ನಾನು ಕೂರಲಿಲ್ಲ.

"ಒಂದೇ ದಿನ ಇತ್ತು ಕಣಮ್ಮಾ" ಅಂದೆ. "ನಾನು ನೀರು ಹೊತ್ತದ್ದೂ ಒಂದೇ ದಿನ."