ಆರರಲ್ಲಿ ಕಾಲು ಎಷ್ಟು

ಹಲ್ಲುಜ್ಜಿ ಬಾಯಿ ಮುಕ್ಕಳಿಸಿ ಅವಳು ಹೊರಗೆ ಬಂದಾಗ ಅಕ್ಕ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದಳು. ಔಷಧಿ ಅಂಗಡಿಯಲ್ಲಿ ಕೂರುವ ಅಕ್ಕ ಮುಖ ನೋಡಿಯೇ ಕಾಯಿಲೆ ಹೇಳುತ್ತಾಳೆ.

"ಏನೇ, ಹರಳೆಣ್ಣೆ ಕುಡಿದವರ ಹಾಗೆ ಮುಖ ಮಾಡ್ಕೊಂಡಿದ್ದೀಯ?"

"ಇವತ್ತು ಯಾಕಪ್ಪ ಬರ್ತಾನೆ."

"ಯಾರಪ್ಪ?"

"ಯಾಕಪ್ಪ. ಪರಿವೀಕ್ಷಕರು. ನಮ್ಮ ಸ್ಟಾಫ್ ರೂಮಿನಲ್ಲಿ ಹಾಗೇ ಕರೆಯೋದು. ಕೊನೇ ಬೆಂಚಿನಲ್ಲಿ ಕೂತು ಎಲ್ಲದಕ್ಕೂ ಯಾಕೆ, ಯಾಕೆ ಅಂತಾರೆ."

"ಕೇಳಲಿ ಬಿಡು. ಐದನೇ ಕ್ಲಾಸಿನ ಲೆಕ್ಕ ಕಣೇ. ಆ ಮಕ್ಕಳಿಗೆ ಹಾಲುಹಲ್ಲು ಪೂರ್ತಿ ಬಿದ್ದಿಲ್ಲ, ಅವಕ್ಕೆ ಹೆದರ್ತೀಯಾ?"

ಮಕ್ಕಳಿಗಲ್ಲ ಅಕ್ಕಾ, ಭಿನ್ನರಾಶಿಗೆ. ಹಾಗೆ ಹೇಳಬೇಕೆಂದು ಬಾಯಿ ತೆರೆದಳು. ಬ್ರೆಡ್ಡಿನ ತುಂಡೊಂದನ್ನು ಅದೇ ಬಾಯಿಗೆ ತುರುಕಿಕೊಂಡು ಹೊರಟಳು.

ಅವಳನ್ನು ಶಾಲೆಗೆ ತೆಗೆದುಕೊಂಡದ್ದು ಭಾಷೆ ಕಲಿಸಲು. ಅದರಲ್ಲಿ ಯಾರೂ ಅವಳನ್ನು ಬೊಟ್ಟು ಮಾಡಿ ತೋರಿಸುವಂತಿರಲಿಲ್ಲ. ಕಥೆ ಹೇಳುವಾಗ ಮೇಜಿನ ಮೇಲೆ ಹತ್ತುತ್ತಿದ್ದಳು, ನರಿಯಾಗುತ್ತಿದ್ದಳು, ಬಾವಿಯಾಗುತ್ತಿದ್ದಳು. ಗಣಿತದ ಮೇಷ್ಟರಿಗೆ ವರ್ಗವಾದಾಗ ಹೆಡ್‌ಮಿಸ್ ಅವಳನ್ನು ಕರೆದು, "ಐದನೇ ಕ್ಲಾಸು ನೀವೇ ನೋಡ್ಕೊಳ್ಳಿ. ಅಷ್ಟು ಲೆಕ್ಕ ಯಾರಿಗೆ ಬರಲ್ಲ ಹೇಳಿ?" ಎಂದರು. ನನಗೆ ಬರಲ್ಲ ಎನ್ನಲು ಆ ಮಾತಿನಲ್ಲಿ ಜಾಗವೇ ಇರಲಿಲ್ಲ. ಇನ್ನೂ ಕಾಯಂ ಆಗದ ಕೆಲಸ. ಆಗಬೇಕೋ ಬೇಡವೋ ಎಂದು ಹೇಳುವವರು ಪರಿವೀಕ್ಷಕರು.

ಅಂದಿನಿಂದ ಐದನೇ ಕ್ಲಾಸಿಗೆ ಇಬ್ಬರು ಮಿಸ್, ಇಬ್ಬರೂ ಅವಳೇ. ಮಧ್ಯಾಹ್ನದ ಭಾಷೆ ಮಿಸ್ ನಗುತ್ತಾಳೆ. ಬೆಳಗಿನ ಲೆಕ್ಕದ ಮಿಸ್ ಬೋರ್ಡಿಗೆ ಅಂಟಿಕೊಂಡೇ ನಿಲ್ಲುತ್ತಾಳೆ, ಗಂಟಲು ಹರಿಯುವಂತೆ ಮಾತಾಡುತ್ತಾಳೆ, ಯಾರಾದರೂ ಕೈ ಎತ್ತಿದರೆ "ಮೊದಲು ಬರ್ಕೊ" ಎನ್ನುತ್ತಾಳೆ. ಗೈಡಿನಲ್ಲಿದ್ದ ಲೆಕ್ಕಗಳನ್ನು ಹಾಡಿನ ಹಾಗೆ ಬಾಯಿಪಾಠ ಮಾಡಿಕೊಂಡು ಬರುತ್ತಾಳೆ. ಒಂದು ಸಾಲು ತಪ್ಪಿದರೆ ಹಾಡು ಪೂರ್ತಿ ತಪ್ಪುತ್ತದೆ ಎಂದು ಅವಳಿಗೆ ಗೊತ್ತು. ಭಿನ್ನರಾಶಿಯ ಭಾಗಾಕಾರಕ್ಕೆ ಅವಳು ಕಲಿಸಿದ್ದು ಒಂದೇ ಮಂತ್ರ: ತಲೆಕೆಳಗು ಮಾಡು, ಗುಣಿಸು. ಮಕ್ಕಳು ಅದನ್ನು ಒಂದೇ ದನಿಯಲ್ಲಿ ಹೇಳುತ್ತಿದ್ದವು. ಆ ದನಿ ಕೇಳಿದಾಗೆಲ್ಲ ಬಾಗಿಲು ಭದ್ರವಾಗಿ ಮುಚ್ಚಿಕೊಂಡಂತೆ ಅವಳಿಗೆ ಸಮಾಧಾನ.

ಆ ಬಾಗಿಲನ್ನು ತಟ್ಟುತ್ತಿದ್ದವಳು ಒಬ್ಬಳೇ. ಕನ್ನಡಕದ ಹುಡುಗಿ. ಕ್ಲಾಸಿನವರು ಅವಳಿಗೆ ಪ್ರಶ್ನೆಪೆಟ್ಟಿಗೆ ಎಂದು ಹೆಸರಿಟ್ಟಿದ್ದರು. ಆ ಹುಡುಗಿ ಬಾಯಿ ತೆರೆಯುವ ಮೊದಲು ಮೂಗಿನ ಮೇಲಿನ ಕನ್ನಡಕವನ್ನು ಒಮ್ಮೆ ಮೇಲೆ ತಳ್ಳುತ್ತಿತ್ತು. ಅಷ್ಟು ಸಾಕು, ಬೋರ್ಡಿನ ಮುಂದೆ ನಿಂತವಳ ಅಂಗೈ ಬೆವರಿ ಚಾಕ್‌ಪೀಸು ಮೆತ್ತಗಾಗುತ್ತಿತ್ತು.

ಶಾಲೆ ತಲುಪಿ ನೀರಿನ ಬಾಟಲಿ ಹಿಡಿದು ನಲ್ಲಿಯ ಕಡೆಗೆ ಹೋದಳು. ಮೋಟುಗೋಡೆಯ ಆಚೆ ಕೈ ತೊಳೆಯುತ್ತಿದ್ದವರು ಅವಳ ಕ್ಲಾಸಿನ ಮಕ್ಕಳೇ. ಕ್ಲಾಸ್ ಲೀಡರನ ದನಿ ಕೇಳಿಸಿತು.

"ಇವತ್ತು ನೀನು ಯಾಕೆ ಅಂತ ಕೇಳಿದ್ರೆ ನೋಡು, ನಿನ್ನ ಜೊತೆ ಮಾತು ಬಿಡ್ತೀವಿ."

"ಬರದೇ ಇದ್ರೆ ಕೇಳ್ಬೇಕಲ್ವಾ?" ಇದು ಪ್ರಶ್ನೆಪೆಟ್ಟಿಗೆ.

"ಮಿಸ್‌ಗೂ ಬರಲ್ಲ ಕಣೇ. ನಿಂಗಿನ್ನೂ ಗೊತ್ತಾಗಿಲ್ವಾ? ಆ ಸರ್ ಮುಂದೆ ಕೇಳಿದ್ರೆ ಮಿಸ್ ಅಳ್ತಾರೆ."

"ಅಳಲ್ಲ. ಬೈತಾರೆ."

"ಅವ್ರು ಬೈಯೋದು ಅಂದ್ರೆ ಅಳೋದೇ."

ನೀರು ಬಾಟಲಿ ತುಂಬಿ ಅವಳ ಮಣಿಕಟ್ಟಿನ ಮೇಲೆ ಹರಿಯಿತು. ನಲ್ಲಿ ನಿಲ್ಲಿಸಬೇಕೆಂದು ಹೊಳೆಯಲಿಲ್ಲ. ಮುಚ್ಚಿಟ್ಟಿದ್ದೇನೆ ಅಂದುಕೊಂಡದ್ದನ್ನು ಈ ಮಕ್ಕಳು ಯಾವಾಗಿನಿಂದ ನೋಡುತ್ತಿವೆ? ಇಷ್ಟು ದಿನ ಅವಳು ಬಟ್ಟೆಯಿಲ್ಲದೆ ಪಾಠ ಮಾಡಿದಂತೆ, ಮಕ್ಕಳು ಮರ್ಯಾದೆಗೆ ಕಣ್ಣು ತಗ್ಗಿಸಿ ಕೂತಿದ್ದಂತೆ ಆಯಿತು. ಮನೆಗೆ ಓಡಿಹೋಗಬೇಕೆನಿಸಿತು. ಕಾಲುಗಳು ಮಾತ್ರ ಅಭ್ಯಾಸಬಲದಿಂದ ಐದನೇ ಕ್ಲಾಸಿನ ಕಡೆಗೆ ಹೊರಟವು.

ಪರಿವೀಕ್ಷಕರು ಆಗಲೇ ಬಂದು ಕೊನೇ ಬೆಂಚಿನಲ್ಲಿ ಮಂಡಿ ಮಡಚಲಾಗದೆ ಓರೆಯಾಗಿ ಕೂತಿದ್ದರು. ಎತ್ತರದ ಆಳು, ದಪ್ಪ ಹುಬ್ಬು. ಬಾಗಿಲ ಹತ್ತಿರ ಹೆಡ್‌ಮಿಸ್. ಅವಳು ಬೋರ್ಡಿನ ಮೇಲೆ ಆರು ಭಾಗಿಸು ಒಂದರ ಕೆಳಗೆ ನಾಲ್ಕು ಎಂದು ಬರೆದಳು.

"ಆರನ್ನು ಕಾಲಿನಿಂದ ಭಾಗಿಸಬೇಕು. ಏನು ಮಾಡೋಣ?"

"ತಲೆಕೆಳಗು ಮಾಡು, ಗುಣಿಸು." ಕ್ಲಾಸು ಒಟ್ಟಿಗೆ ಹೇಳಿತು.

ಆರು ಗುಣಿಸು ನಾಲ್ಕು, ಇಪ್ಪತ್ನಾಲ್ಕು. ಇನ್ನೊಂದು ಲೆಕ್ಕ. ಮತ್ತೊಂದು. ಯಾರೂ ಕೆಮ್ಮಲಿಲ್ಲ. ಇಷ್ಟು ಒಳ್ಳೆಯ ಮೌನವನ್ನು ಅವಳು ಯಾವ ಕ್ಲಾಸಿನಲ್ಲೂ ಕಂಡಿರಲಿಲ್ಲ. ಅದು ಅವಳಿಗೆಂದೇ ಹೊಲಿದು ತಂದ ಮೌನ. ಪ್ರಶ್ನೆಪೆಟ್ಟಿಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಕನ್ನಡಕ ಮೂಗಿನ ತುದಿಗೆ ಜಾರಿದ್ದರೂ ತಳ್ಳಲಿಲ್ಲ.

"ಕ್ಲಾಸು ತುಂಬ ಶಿಸ್ತಾಗಿದೆ," ಎಂದರು ಪರಿವೀಕ್ಷಕರು. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದರು. ಹೆಡ್‌ಮಿಸ್ ಮುಖ ಅರಳಿತು. ಮುಗಿಯಿತು ಎಂದು ಅವಳ ಎದೆಭಾರ ಇನ್ನೇನು ಇಳಿಯಬೇಕು, ಅವರು ಎದ್ದು ಹೊರಡುತ್ತ ಕನ್ನಡಕದ ಹುಡುಗಿಯ ಹತ್ತಿರ ನಿಂತರು.

"ನಿಂಗೆ ಅರ್ಥ ಆಯ್ತೇನಮ್ಮಾ?"

"ಆಯ್ತು ಸರ್."

"ಭಾಗ ಮಾಡಿದ್ರೆ ಕಡಿಮೆ ಆಗ್ಬೇಕು. ಆರು ಇದ್ದದ್ದು ಇಪ್ಪತ್ನಾಲ್ಕು ಆಯ್ತಲ್ಲ, ಯಾಕೆ?"

ಹುಡುಗಿ ಅವರನ್ನು ನೋಡಲಿಲ್ಲ. ಬೋರ್ಡಿನ ಮುಂದೆ ನಿಂತವಳನ್ನೇ ನೋಡಿತು.

"ಮಿಸ್ ಎಲ್ಲಾ ಹೇಳ್ಕೊಟ್ಟಿದ್ದಾರೆ ಸರ್. ನಂಗೇ ಗಣಿತ ಬರಲ್ಲ. ನನ್ನ ತಲೆಗೆ ಹತ್ತಲ್ಲ."

"ಹೋಗಲಿ ಬಿಡು, ಎಲ್ಲರಿಗೂ ಎಲ್ಲಾ ಬರಲ್ಲ," ಎಂದು ಅವರು ಹುಡುಗಿಯ ತಲೆ ನೇವರಿಸಿದರು.

ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ. ಪೆನ್ನು ಜೇಬು ಸೇರಿದೆ, ಹೆಡ್‌ಮಿಸ್ ಬಾಗಿಲು ಹಿಡಿದು ದಾರಿ ಬಿಟ್ಟಿದ್ದಾರೆ. ಅವಳು ಸುಮ್ಮನಿರಲು ಪೂರ್ತಿ ತಯಾರಾಗಿದ್ದಳು. ಆದರೆ ಆ ಮಾತು ಹೇಳಿದ ರೀತಿ. ತಲೆಗೆ ಹತ್ತಲ್ಲ. ಅದೇ ವಯಸ್ಸಿನಲ್ಲಿ ಅವಳೂ ಒಮ್ಮೆ ಹಾಗೆಂದಿದ್ದಳು, ಯಾರೋ ಹೀಗೇ ತಲೆ ನೇವರಿಸಿದ್ದರು, ಅಲ್ಲಿಂದ ಇಲ್ಲಿಯವರೆಗೆ ಅವಳು ಆ ಕೈಯ ಕೆಳಗೇ ಬದುಕಿದ್ದಳು. ಹುಡುಗಿ ಹೇಳಿದ್ದು ಸುಳ್ಳು. ಇನ್ನೆರಡು ಸಲ ಹೇಳಿದರೆ ಸುಳ್ಳಾಗಿ ಉಳಿಯುವುದಿಲ್ಲ.

"ಅವಳು ಸುಳ್ಳು ಹೇಳ್ತಿದ್ದಾಳೆ ಸರ್."

ತನ್ನ ದನಿ ಕೇಳಿ ಅವಳೇ ಬೆಚ್ಚಿದಳು.

"ನಾನು ಹೇಳ್ಕೊಟ್ಟಿಲ್ಲ. ಯಾಕೆ ಅಂತ ನನಗೂ ಗೊತ್ತಿಲ್ಲ."

ಹೆಡ್‌ಮಿಸ್ ಬಾಗಿಲನ್ನು ಬಿಟ್ಟರು. ಅದು ತಾನಾಗಿ ಮುಚ್ಚಿಕೊಂಡಿತು. ಪರಿವೀಕ್ಷಕರು ಪೆನ್ನು ತೆಗೆಯಲಿಲ್ಲ, ಹೊರಡಲೂ ಇಲ್ಲ. ಕ್ಲಾಸ್ ಲೀಡರ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಅವಳು ಏನಾದರೂ ಮಾತಾಡಬೇಕಾಗಿತ್ತು, ಗೈಡಿನಲ್ಲಿ ಮುಂದಿನ ಸಾಲು ಇರಲಿಲ್ಲ.

"ಆರರಲ್ಲಿ ಕಾಲು ಎಷ್ಟು?" ಎಂದು ಕ್ಲಾಸನ್ನೇ ಕೇಳಿದಳು.

"ಒಂದೂವರೆ," ಎಂದಿತು ಮುಂದಿನ ಬೆಂಚು.

ಒಂದೂವರೆಯೇ. ಅವಳೂ ಯಾವಾಗಲೂ ಹಾಗೇ ಎಣಿಸಿದ್ದಳು. ಬೋರ್ಡಿನ ಮೇಲೆ ನೋಡಿದರೆ ಇಪ್ಪತ್ನಾಲ್ಕು. ಒಂದೇ ಪ್ರಶ್ನೆಗೆ ಎರಡು ಉತ್ತರ, ಹುಚ್ಚು ಹಿಡಿಸಲು ಇಷ್ಟು ಸಾಕು. ಕಿಟಕಿ, ನಕ್ಷೆ, ಮಕ್ಕಳ ಮುಖ ಎಲ್ಲ ದೂರ ಸರಿದವು.

"ಯಾವುದರಲ್ಲಿ ಮಿಸ್?" ಎಂದ ಗೋಡೆ ಬದಿಯ ಗುಂಡ. ಬಾಯಿ ಸುಮ್ಮನಿಡಲಾಗದ ಹುಡುಗ. "ಆರು ಕುರ್ಚಿಯಲ್ಲಾದ್ರೆ ಇಪ್ಪತ್ನಾಲ್ಕು ಕಾಲು."

ಇಡೀ ಕ್ಲಾಸು ಗೊಳ್ಳೆಂದಿತು. ಹೊಲಿದಿದ್ದ ಮೌನ ಹರಿಯಿತು. ಹೆಡ್‌ಮಿಸ್ "ಏಯ್" ಎಂದರು. ಅವಳು ನಗಲಿಲ್ಲ. ಬೋರ್ಡು ನೋಡಿದಳು, ತನ್ನ ಕುರ್ಚಿ ನೋಡಿದಳು.

"ಇನ್ನೊಂದ್ಸಲ ಹೇಳು."

"ತಪ್ಪಾಯ್ತು ಮಿಸ್."

"ಬೈತಿಲ್ಲ ಕಣೋ, ಹೇಳು."

"ಕುರ್ಚಿಗೆ ನಾಲ್ಕು ಕಾಲು. ಆರು ಕುರ್ಚಿಗೆ ಇಪ್ಪತ್ನಾಲ್ಕು. ತಮಾಷೆಗೆ ಅಂದೆ."

ತಮಾಷೆಯೋ ಲೆಕ್ಕವೋ ಅವಳಿಗೆ ತಿಳಿಯಲಿಲ್ಲ. ಕುರ್ಚಿಯ ಕಾಲು ಬೇರೆ, ಭಿನ್ನರಾಶಿಯ ಕಾಲು ಬೇರೆ. ಬೇರೆಯೇ? ಒಂದನ್ನು ನಾಲ್ಕು ಪಾಲು ಮಾಡಿದರೆ ಒಂದು ಪಾಲು ಕಾಲು. ಒಂದೊಂದರಲ್ಲೂ ನಾಲ್ಕು ಕಾಲು ಇದ್ದೇ ಇರುತ್ತದೆ, ಅದು ಕುರ್ಚಿಯಾಗಲಿ ಬ್ರೆಡ್ಡಾಗಲಿ. ಆರು ಇದ್ದರೆ ಆರು ನಾಲ್ಕಲಿ ಇಪ್ಪತ್ನಾಲ್ಕು. ಹಾಗಾದರೆ ಒಂದೂವರೆ ಎಲ್ಲಿಂದ ಬಂತು?

"ಆರರ ಕಾಲು ಒಂದೂವರೆ," ಎಂದಳು ಮೆಲ್ಲಗೆ, ಪಾಚಿಯ ಮೇಲೆ ಕಾಲಿಟ್ಟವಳಂತೆ. "ಆರರಲ್ಲಿ ಕಾಲುಗಳು..."

"ಇಪ್ಪತ್ನಾಲ್ಕು," ಎಂದಿತು ಪ್ರಶ್ನೆಪೆಟ್ಟಿಗೆ. "ಕೇಳಿದ್ದೇ ಬೇರೆ ಬೇರೆ ಮಿಸ್. ಒಂದರಲ್ಲಿ ಕಾಲುಭಾಗ ಎಷ್ಟು ದೊಡ್ಡದು ಅಂತ, ಇನ್ನೊಂದರಲ್ಲಿ ಕಾಲು ಎಷ್ಟು ಇವೆ ಅಂತ. ಮೂರು ಕಾಲಿನ ಸ್ಟೂಲ್ ಆದ್ರೆ ಹದಿನೆಂಟಾಗತ್ತೆ, ಅಲ್ವಾ?"

"ಅದು ಕಾಲಲ್ಲ, ಮೂರರಲ್ಲೊಂದು," ಎಂದ ಲೀಡರ್.

"ಅದನ್ನೇ ನಾನೂ ಹೇಳಿದ್ದು, ದಡ್ಡ."

ಪರಿವೀಕ್ಷಕರು ಅವಳ ಹತ್ತಿರ ಬಂದರು. ಅವರ ಅಂಗಿಯಿಂದ ಶಾಯಿಯ ವಾಸನೆ ಬರುತ್ತಿತ್ತು.

"ಇದು ಮೊದಲೇ ಗೊತ್ತಿತ್ತಾ ನಿಮಗೆ?"

"ಇಲ್ಲ ಸರ್."

"ಈಗ ಪೂರ್ತಿ ಗೊತ್ತಾಯ್ತಾ?"

"ಇಲ್ಲ ಸರ್. ಸ್ವಲ್ಪ."

"ಕಾಯಂ ಮಾಡಿ ಅಂತ ಇವತ್ತು ನಾನು ಹೇಳಕ್ಕಾಗಲ್ಲ," ಎಂದರು. ದನಿಯಲ್ಲಿ ಕೋಪ ಇರಲಿಲ್ಲ, ಕರುಣೆಯೂ ಇರಲಿಲ್ಲ. "ಗೊತ್ತಿಲ್ಲದ್ದನ್ನು ಇಷ್ಟು ದಿನ ಹಾಡಿನ ಹಾಗೆ ಹೇಳಿಸಿದ್ದೀರಿ. ಮತ್ತೆ ಬರ್ತೀನಿ. ಯಾವತ್ತು ಅಂತ ಹೇಳಿ ಬರಲ್ಲ."

ಹೆಡ್‌ಮಿಸ್ ಅವರ ಹಿಂದೆ ಹೋದರು. ಹೋಗುವಾಗ ಅವಳ ಕಡೆ ನೋಡಿದ ನೋಟ ಸಂಜೆ ಆಫೀಸಿಗೆ ಬಾ ಎನ್ನುತ್ತಿತ್ತು.

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಇನ್ನು ಪ್ರತಿ ಬೆಳಿಗ್ಗೆ ಈ ಬಾಗಿಲು ಯಾವಾಗ ಬೇಕಾದರೂ ತೆರೆಯಬಹುದು. ಬಾಯಿಪಾಠ ಮಾಡಿದ್ದು ಯಾವುದೂ ಕಾಯುವುದಿಲ್ಲ. ಅಕ್ಕನಿಗೆ ಏನು ಹೇಳುವುದು?

ಕ್ಲಾಸು ಅವಳಿಗಾಗಿ ಕಾಯುತ್ತಿರಲಿಲ್ಲ. ಲೀಡರನೂ ಪ್ರಶ್ನೆಪೆಟ್ಟಿಗೆಯೂ ಜಗಳಕ್ಕೆ ಬಿದ್ದಿದ್ದರು. ಆರನ್ನು ಮೂರರಲ್ಲೆರಡರಿಂದ ಭಾಗಿಸಿದರೆ ಒಂಬತ್ತು ಎಂದು ಮಂತ್ರ ಹೇಳುತ್ತದೆ, ಅದು ಯಾಕೆ? ಒಂದು ಸ್ಟೂಲಿನಿಂದ ಎರಡು ಕಾಲು ತೆಗೆದರೆ ಒಂದು ಮಿಕ್ಕುತ್ತದಲ್ಲ, ಅದನ್ನು ಏನು ಮಾಡುವುದು? ಗುಂಡ "ಒಲೆಗೆ ಹಾಕು" ಎಂದ. ಯಾರೋ ರಬ್ಬರಿನಿಂದ ಅವನಿಗೆ ಹೊಡೆದರು.

"ಮಿಸ್, ನೀವು ಹೇಳಿ."

ಅವಳಿಗೆ ಗೊತ್ತಿರಲಿಲ್ಲ. ಹಳೆಯ ಕೂಗು ಗಂಟಲಿಗೆ ಬಂತು, ಮೊದಲು ಬರ್ಕೊ ಎನ್ನಲು ತುಟಿ ಅಲುಗಿತು. ಚಾಕ್‌ಪೀಸನ್ನು ಮೇಜಿನ ಮೇಲಿಟ್ಟು ಎರಡನೇ ಬೆಂಚಿನ ಹತ್ತಿರ ನಡೆದಳು.

"ಸ್ವಲ್ಪ ಜರುಗು."

ಕನ್ನಡಕದ ಹುಡುಗಿ ಜರುಗಿತು. ಬೆಂಚು ಗಿಡ್ಡ, ಮಂಡಿ ಡೆಸ್ಕಿಗೆ ತಾಗುತ್ತಿತ್ತು. ಹುಡುಗಿಯ ಪೆನ್ಸಿಲು ತೆಗೆದುಕೊಂಡು ಅವಳ ಪುಸ್ತಕದಲ್ಲಿ ಮೂರು ಕಾಲಿನ ಆರು ಸ್ಟೂಲು ಬರೆಯತೊಡಗಿದಳು. ಕಾಲುಗಳೆಲ್ಲ ಸೊಟ್ಟಗಾದವು. ಎರಡೆರಡು ಕಾಲಿಗೆ ಒಂದು ಸುತ್ತು ಹಾಕಬೇಕೇನೋ ಅನ್ನಿಸಿತು, ಖಾತ್ರಿ ಇರಲಿಲ್ಲ. ಸುತ್ತಲೂ ಮಕ್ಕಳ ತಲೆಗಳು ಬಾಗಿದವು.

"ನಂಗೆ ಬಂತು," ಎಂದಿತು ಹುಡುಗಿ.

"ಹೇಳ್ಬೇಡ," ಎಂದಳು ಅವಳು. "ತಡಿ, ನಂಗಿನ್ನೂ ಬಂದಿಲ್ಲ."