ಹೋಲಿಕೆಯ ತರಗತಿ

"ಮುಂದಿನದು," ಎಂದಳು ಚಿಕ್ಕಮ್ಮ.

ಗುಬ್ಬಿಯ ಬೆರಳು ಇನ್ನೂ ಹಿಂದಿನ ಪದದ ಮೇಲೇ ಇತ್ತು. ಪರೀಕ್ಷೆಯ ಹಾಳೆಯಲ್ಲಿ ಚಿತ್ರವಿರಲಿಲ್ಲ. ಇದ್ದಿದ್ದರೆ ಆನೆಯನ್ನು ನೋಡಿ ಆನೆ ಎನ್ನುತ್ತಿದ್ದಳು. ಓದಿಬಿಟ್ಟಳು ಎಂದು ಟೀಚರು ಬೆನ್ನು ತಟ್ಟುತ್ತಿದ್ದರು. ಅವಳು ತಲೆಯೆತ್ತಿ ನೋಡಿದಳು. ಮನೆಯಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಮುದ್ದು ಮಾಡುವ ಚಿಕ್ಕಮ್ಮ ಇಲ್ಲಿ, ಶಾಲೆಯಲ್ಲಿ, ತುಟಿ ಬಿಗಿದುಕೊಂಡು ಗಡಿಯಾರ ನೋಡುತ್ತಿದ್ದಳು. ಮಗು ತಡವರಿಸಿದರೆ ಸುಳಿವು ಕೊಡಬಾರದು, ಮುಂದಕ್ಕೆ ಹೋಗಬೇಕು. ಆ ನಿಯಮ ಮಾಡಿದವಳೂ ಅವಳೇ.

"ಮುಂದಿನದು."

ಚಿಕ್ಕಮ್ಮನ ಸಂಶೋಧನೆಯಲ್ಲಿ ಪಕ್ಕದ ತರಗತಿಗೆ ಅವಳ ಹೊಸ ಪಾಠ: ಅಕ್ಷರದ ಸದ್ದು ಹಿಡಿದು, ಸದ್ದಿಗೆ ಸದ್ದು ಕೂಡಿಸಿ ಓದುವುದು. ಗುಬ್ಬಿಯ ತರಗತಿಗೆ ಹಳೆಯದೇ: ಚಿತ್ರ ನೋಡು, ಊಹಿಸು, ಟೀಚರು ಹೇಳಿದ್ದನ್ನು ಹೇಳು. ಯಾರಿಗೆ ಯಾವುದೆಂದು ಚೀಟಿ ಎತ್ತಿದ್ದರು. ಹೋಲಿಸದೆ ಪುರಾವೆ ಸಿಗುವುದಿಲ್ಲ, ನಿಜ. ಆದರೂ ಗೋಡೆಯಾಚೆಯ ಮಕ್ಕಳು ಪಟಪಟನೆ ಓದುವುದನ್ನು ಕೇಳುತ್ತಾ ಅಕ್ಕನ ಮಗಳಿಗೆ ಒಂದಕ್ಷರವನ್ನೂ ಹೇಳಿಕೊಡದಿರಲು ಎದೆ ಕಲ್ಲಾಗಿರಬೇಕು. ಅವಳದಾಗಿತ್ತು. ಅದನ್ನವಳು ಶಿಸ್ತು ಎನ್ನುತ್ತಿದ್ದಳು.

ಸಂಜೆ ಅಕ್ಕ ತಂಗಿಯನ್ನು ಮನೆ ಬಾಗಿಲಲ್ಲೇ ಹಿಡಿದಳು.

"ವರ್ಷ ಮುಗೀತಲ್ಲ. ಆಮೇಲೆ ನಾನೇ ಕೂರಿಸ್ಕೊಂಡು ಕಲಿಸ್ತೀನಿ ಅಂತ ನೀನೇ ಅಂದಿದ್ದೆ."

"ಫಲಿತಾಂಶ ತುಂಬಾ ಚೆನ್ನಾಗಿ ಬಂದಿದೆ ಅಕ್ಕ. ಇಲಾಖೆಯೋರು ಇನ್ನೂ ಒಂದು ವರ್ಷ ಮುಂದುವರಿಸಿ ಅಂದಿದಾರೆ. ಅಲ್ಲೀವರೆಗೂ ಎರಡೂ ತರಗತಿ ಹೀಗೇ ಇರ್ಬೇಕು."

"ಕ್ಲಾಸಲ್ಲಿ ದಡ್ಡಿ ಅಂತಾರೆ ಕಣೇ ಇವಳನ್ನ. ನಿನ್ನ ಓದಿಸೋಕೆ ಅಂತ ಸ್ಕೂಲ್ ಬಿಟ್ಟೋಳು ನಾನು, ನಾನೇನು ಹೇಳ್ಕೊಡ್ಲಿ? ಇವಳೊಬ್ಬಳನ್ನ ಬಿಟ್ಬಿಡು."

"ನನ್ನ ಅಕ್ಕನ ಮಗಳನ್ನೇ ಹೊರಗೆ ತೆಗೆದ್ರೆ ನನ್ನ ಸಂಶೋಧನೇನ ಯಾರು ನಂಬ್ತಾರೆ? ಸಾವಿರಾರು ಮಕ್ಕಳ ವಿಷಯ ಇದು."

ಅಕ್ಕ ತಂಗಿಯ ಮುಖವನ್ನೇ ದಿಟ್ಟಿಸಿದಳು. ಚಿಕ್ಕಂದಿನಲ್ಲಿ ಆ ಮುಖ ತೊಳೆದು, ತಲೆ ಬಾಚಿ, ಕೈ ಹಿಡಿದು ಶಾಲೆಯ ಗೇಟಿನವರೆಗೆ ಬಿಟ್ಟು ಬಂದವಳು ಅವಳು.

"ಊಟಕ್ಕೆ ಬಾ," ಎಂದಳು.

ಒಳಗಿನ ಕೋಣೆಯಲ್ಲಿ ಗುಬ್ಬಿ ಗೊಂಬೆಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದಳು. ಅದರೆದುರು ಪುಸ್ತಕ ಬಿಚ್ಚಿ, ಚಿತ್ರದ ಮೇಲೆ ಅಂಗೈ ಮುಚ್ಚಿ, ತುಟಿ ಬಿಗಿದುಕೊಂಡು ಕಾದಳು. ಗೊಂಬೆ ಏನೂ ಹೇಳಲಿಲ್ಲ.

"ದಡ್ಡಿ," ಎಂದು ಅದರ ತಲೆಗೆ ಮೊಟಕಿ ಪುಟ ಮಗುಚಿದಳು.

"ಮುಂದಿನದು."