ಮೆಣಸು ಹಾಕಿದ ಕರ್ಪೂರ

ಪ್ರತಿ ವರ್ಷ ಜುಲೈ ಬಂತೆಂದರೆ ನಾನು ಸೊಲ್ಲಾಪುರದ ನವಿ ಪೇಠಿಗೆ ಹೋಗಿ ಕರ್ಪೂರ ತರುತ್ತೇನೆ. ದೇವರಿಗಲ್ಲ, ನನ್ನ ಏಳನೇ ಇಯತ್ತೆಯ ಮಕ್ಕಳಿಗೆ. ಘನ, ದ್ರವ, ಅನಿಲದ ಪಾಠ ಅದು. ಈಗಿನ ಮಕ್ಕಳು ಮೊಬೈಲಿನಲ್ಲಿ ಅಣುಗಳ ಕುಣಿತವನ್ನೆಲ್ಲ ನೋಡಿಕೊಂಡೇ ಬರುತ್ತಾರೆ, ಈ ದೀಪಾಲಿ ಟೀಚರಿನ ಕರ್ಪೂರ ಕಂಡು ನಗುತ್ತಾರೆ. ನಗಲಿ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಕರಜಗಿಯ ನಮ್ಮ ಮನೆ ನೆನಪಾಗುತ್ತದೆ.

ಆಗ ನಾನೂ ಏಳನೇ ಇಯತ್ತೆ. ಮನೆಯಲ್ಲಿ ಅಪ್ಪನ ತಾಯಿ ರತ್ನಾಬಾಯಿಯದೇ ರಾಜ್ಯ. ನಾವು ಅವಳನ್ನು ಆಯಿ ಅನ್ನುತ್ತಿದ್ದೆವು. ಶ್ರಾವಣಕ್ಕೆಂದು ಬೇಸಿಗೆಯಲ್ಲೇ ಕರ್ಪೂರ ತರಿಸಿ, ಹಾರಿಹೋಗದಂತೆ ಅದರೊಳಗೆ ಹತ್ತು ಕಾಳು ಮೆಣಸು ಹಾಕಿ, ದೇವರ ಖೋಲಿಯ ಕಪಾಟಿನಲ್ಲಿ ಇಡುತ್ತಿದ್ದಳು. ಆ ವರ್ಷ ಡಬ್ಬಿಯ ಮುಚ್ಚಳ ಸೊಟ್ಟಾಗಿತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪಂಚಮಿಗೆ ಎರಡು ದಿನ ಇರುವಾಗ ತೆಗೆದು ನೋಡಿದರೆ ಅರ್ಧಕ್ಕರ್ಧ ಕರ್ಪೂರವೇ ಇಲ್ಲ!

ಅಂದೇ ಕಲ್ಯಾಣಮ್ಮ ಚಿಗವ್ವ ತವರಿಗೆ ಹೊರಟಿದ್ದಳು. ಅಮೋಗಸಿದ್ಧ ಕಾಕಾನ ಹೆಂಡತಿ, ನನಗೆ ಜಡೆ ಹಾಕುವವಳು, ಕದ್ದು ಬೆಲ್ಲ ಕೊಡುವವಳು. ಅವಳನ್ನು ಕರೆಯಲು ನಂದೇಶ್ವರದಿಂದ ಅವಳ ಅಣ್ಣ ಬಂದು ಪಡಸಾಲೆಯಲ್ಲಿ ಕುಳಿತಿದ್ದ. ಆಯಿ ಅವನೆದುರಿಗೇ ಚಿಗವ್ವನ ಚೀಲ ಬಿಚ್ಚಿದಳು. ಕರ್ಪೂರ ಸಿಗಲಿಲ್ಲ. ಆದರೆ ಸೀರೆಗಳು ಘಮ್ಮೆಂದವು.

"ವಾಸ ನೋಡ್ರಿ! ತವರಿಗಿ ಸಾಗಸಾಕತ್ತಾಳ ಇಕಿ."

"ಅತ್ತಿಯಾರ, ದೇವರಾಣಿ, ನಾ ಮುಟ್ಟಿಲ್ರಿ."

"ಮೆಣಸ ಹಾಕಿದ ಮ್ಯಾಲ ಕರ್ಪೂರ ಹ್ಯಾಂಗ ಹಾರತದ? ಅದಕ್ಕೇನ ರೆಕ್ಕಿ ಅದಾವೇನ?"

ಕಾಕಾ ಕಂಬಕ್ಕೆ ಆತು ನೆಲ ನೋಡುತ್ತ ನಿಂತ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಚಿಗವ್ವ ಸೀರೆಗಳನ್ನು ಮತ್ತೆ ಮಡಚಿ ಚೀಲಕ್ಕೆ ತುಂಬಿದಳು. "ಇನ್ನ ನಾ ಈ ಹೊಸ್ತಲಾ ತುಳಿಯಂಗಿಲ್ರಿ" ಎಂದು ಅಣ್ಣನ ಹಿಂದೆ ನಡೆದುಬಿಟ್ಟಳು.

ಮರುದಿನ ನಾನು ಅಳುತ್ತಳುತ್ತ ಸಾತಲಿಂಗಪ್ಪ ಗುರುಜಿಗೆ ಎಲ್ಲ ಹೇಳಿದೆ. ಎಂಥ ಗುರುಜಿ ಅವರು! ಪಾಠವನ್ನು ಅಂಗಳಕ್ಕೆ ತಂದವರು. ನಮ್ಮನ್ನು ಮೈಗೆ ಮೈ ಒತ್ತಿ ನಿಲ್ಲಿಸಿ "ಇದು ಘನ" ಅನ್ನುತ್ತಿದ್ದರು. ಸಡಿಲ ಬಿಟ್ಟು ಒಬ್ಬರ ಪಕ್ಕ ಒಬ್ಬರು ಜಾರುತ್ತ ನಡೆಸಿದರೆ ದ್ರವ. "ಓಡ್ರಿ!" ಅಂದರೆ ಅನಿಲ. ಆಗ ನಾವು ಗೋಡೆಯವರೆಗೂ ಓಡುತ್ತಿದ್ದೆವು.

"ಕರ್ಪೂರದಾಗ ಏನದ? ಇಂಗಾಲ, ಜಲಜನಕ, ಆಮ್ಲಜನಕ. ಮೂರು ಮೂಲಧಾತುಗಳ ಪರಮಾಣು ಕೂಡಿ ಒಂದೊಂದು ಅಣು ಆಗ್ಯಾದ" ಎಂದರು ಗುರುಜಿ. "ಆ ಅಣು ನೀರಾಗೂದಕ್ಕ ಕಾಯಂಗಿಲ್ಲ, ಗಟ್ಟಿ ಇದ್ದಲ್ಲಿಂದ ಸೀದಾ ಗಾಳಿಗಿ ಹೋಗತಾವ. ಇದಕ್ಕ ಉತ್ಪತನ ಅಂತಾರ. ನಿಮ್ಮ ಚಿಗವ್ವನ ಸೀರಿ ಎಲ್ಲಿ ಇಡತಿದ್ರು?"

"ಅದೇ ಕಪಾಟಿನ ಕೆಳಗಿನ ಖಣದಾಗ್ರಿ."

"ಹಂಗಾದ್ರ ಕರ್ಪೂರ ಅಲ್ಲೇ ಹೋಗ್ಯಾದ. ಆದ್ರ ನಾ ಹೇಳಿದ್ರ ನಿಮ್ಮ ಆಯಿ ನಂಬಂಗಿಲ್ಲ. ಆಕಿ ಕೈಲೇ ಮಾಡಸು."

ಮಾಡಿಸಿದೆ. ಉಳಿದಿದ್ದ ಬಿಲ್ಲೆಗಳಲ್ಲಿ ಹತ್ತನ್ನು ಆರಿಸಿ, ಒಂದೊಂದನ್ನೂ ವಹಿಯ ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆದೆ. ಐದನ್ನು ಮೆಣಸು ಹಾಕಿದ ಡಬ್ಬಿಗೆ, ಐದನ್ನು ಬರಿ ಡಬ್ಬಿಗೆ ಹಾಕಿದೆ. ಎರಡರ ಮುಚ್ಚಳವೂ ಸಡಿಲ. ಆಯಿ ನಗುತ್ತಲೇ ಎರಡನ್ನೂ ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮೆಣಸಿನ ಡಬ್ಬಿ ಹಂಗ ಇರತದ ನೋಡಕೋತ ಇರು" ಎಂದಳು.

ಹದಿನೈದು ದಿನ ಬಿಟ್ಟು ಟ್ರಂಕು ತೆಗೆದೆವು. ಒಂದೊಂದೇ ಬಿಲ್ಲೆಯನ್ನು ಅದರದರ ಗೆರೆಯೊಳಗೆ ಇಟ್ಟೆ. ಒಂದೂ ಗೆರೆ ಮುಟ್ಟಲಿಲ್ಲ. ಮೆಣಸಿನ ಡಬ್ಬಿಯವೂ ಅಷ್ಟೇ ಸವೆದಿದ್ದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಆಯಿ ಟ್ರಂಕಿನಲ್ಲಿದ್ದ ತನ್ನ ಇಳಕಲ್ ಸೀರೆಯನ್ನು ಮೂಗಿಗೆ ಹಿಡಿದಳು. ಚಿಗವ್ವನ ಸೀರೆಯದೇ ವಾಸನೆ.

"ನಾಳಿ ನಸಕಿಗೇ ಏಳು. ನಂದೇಶ್ವರಕ್ಕ ಹೋಗೂದದ" ಎಂದಳು.

ಅಕ್ಕಲಕೋಟ, ಸೊಲ್ಲಾಪುರ, ಮಂಗಳವೇಢೆ ಎಂದು ಬಸ್ಸು ಬದಲಿಸುತ್ತ ಹೋದೆವು. ದಾರಿಯುದ್ದಕ್ಕೂ ನಾನು ವಹಿಯನ್ನು ಎದೆಗವಚಿಕೊಂಡಿದ್ದೆ. ಚಿಗವ್ವ ನನ್ನನ್ನು ಎತ್ತಿ ಮುದ್ದಾಡುತ್ತಾಳೆ, ಎಲ್ಲರೂ ಶಾಬಾಸ್ ಅನ್ನುತ್ತಾರೆ ಎಂದು ನನ್ನ ಲೆಕ್ಕ. ಹೋದವಳೇ ಹಾಳೆ ಬಿಚ್ಚಿ ಮೂಲಧಾತುವಿನಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದೆ.

"ನಿಂದೇನ ತಪ್ಪಿಲ್ಲಂತ ಗೊತ್ತಾತು. ನಡಿ ಮನಿಗಿ" ಎಂದಳು ಆಯಿ.

ಚಿಗವ್ವ ಹಾಳೆಯ ಗೆರೆಗಳ ಮೇಲೆ ಬೆರಳಾಡಿಸಿದಳು.

"ಡಬ್ಬಿ ಹೇಳಿದ್ದು ನಂಬಿದ್ರಿ ಅತ್ತಿಯಾರ. ಎಂಟ ವರ್ಷ ನಿಮ್ಮ ಮನ್ಯಾಗ ರೊಟ್ಟಿ ಬಡದೀನಿ. ನಾ ಹೇಳಿದ್ದು ಯಾಕ ನಂಬಲಿಲ್ರಿ?"

ನಾನು ವಹಿ ಮುಚ್ಚಿದೆ. ನನಗೆ ನಾಚಿಕೆಯಾಯಿತು.

ಆಯಿ ಅಲ್ಲೇ ಕಟ್ಟೆಯ ಮೇಲೆ ಕುಳಿತಳು. "ತಪ್ಪಾತವ್ವ" ಎಂದು ಕೈ ಮುಗಿದಳು. ಆ ಮಾತನ್ನು ಅವಳು ಯಾರಿಗೂ ಅಂದದ್ದನ್ನು ನಾನು ಕೇಳಿರಲಿಲ್ಲ. ಚಿಗವ್ವ ಆ ಕೈಗಳನ್ನು ಹಿಡಿದು ಅತ್ತಳು. ಆದರೂ ಹೊರಡಲಿಲ್ಲ.

"ಬರ್ತೀನ್ರಿ. ಇವತ್ತ ಬ್ಯಾಡ."

ಆಯಿ ಒತ್ತಾಯ ಮಾಡಲಿಲ್ಲ. ನಾವಿಬ್ಬರೇ ಮರಳಿದೆವು.

ಅಂದಿನಿಂದ ಸಂಜೆ ಅಕ್ಕಲಕೋಟದ ಬಸ್ಸು ಬರುವ ಹೊತ್ತಿಗೆ ಆಯಿ ಹೊರಗೆ ಹೋಗಿ ನಿಲ್ಲುತ್ತಿದ್ದಳು. ಯಾರಾದರೂ ಕೇಳಿದರೆ "ಗಾಳಿಗಿ ನಿಂತೀನಿ" ಅನ್ನುತ್ತಿದ್ದಳು. ದಸರೆಗೆ ಇನ್ನೆರಡು ದಿನ ಅನ್ನುವಾಗ ಚಿಗವ್ವ ಆ ಬಸ್ಸಿನಿಂದ ಇಳಿದಳು. ಆಯಿ ಓಡಿದಳು. ಎಪ್ಪತ್ತು ದಾಟಿದ ಆಯಿ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.